ಬಿನ್ ಅಲ್ಲ, ಕೋಂ ಅಲ್ಲ: ಇಬ್ಬರ ಮನೆಗೆ ಬೇಕಾದ ಕಾಗದಗಳು

ಮೊದಲೇ ಹೇಳಿಬಿಡುತ್ತೇನೆ. ಇಬ್ಬರು ಹೆಂಗಸರಿಗೆ, ಇಬ್ಬರು ಗಂಡಸರಿಗೆ ಮದುವೆ ಸರ್ಟಿಫಿಕೇಟ್ ಮಾಡಿಸಿಕೊಡುವುದು ನನ್ನಿಂದ ಆಗುವುದಿಲ್ಲ. ದಾವಣಗೆರೆಯಲ್ಲಿ ಯಾರಿಂದಲೂ ಆಗುವುದಿಲ್ಲ. "ಮೂವತ್ತು ಸಾವಿರ ಕೊಡಿ, ರಿಜಿಸ್ಟರ್ ಮಾಡಿಸ್ತೀನಿ" ಎಂದು ಯಾರಾದರೂ ಹೇಳಿದರೆ ದುಡ್ಡನ್ನು ಜೇಬಿನಲ್ಲೇ ಇಟ್ಟುಕೊಂಡು ಎದ್ದು ಬನ್ನಿ. 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟಿನ ಐದು ಜನ ನ್ಯಾಯಮೂರ್ತಿಗಳು ಸುಪ್ರಿಯೊ ಕೇಸಿನಲ್ಲಿ ತೀರ್ಪು ಕೊಟ್ಟರು. 1954ರ ವಿಶೇಷ ವಿವಾಹ ಕಾಯ್ದೆಯನ್ನು ನಾವು ತಿದ್ದಲು ಬರುವುದಿಲ್ಲ, ಅದು ಸಂಸತ್ತಿನ ಕೆಲಸ ಎಂದರು. ಮರುಪರಿಶೀಲನೆ ಅರ್ಜಿಗಳೂ 2025ರ ಜನವರಿಯಲ್ಲಿ ವಜಾ ಆದವು. ಹಾಗಂತ ಒಟ್ಟಿಗೆ ಬಾಳುವುದು ಅಪರಾಧವೇನಲ್ಲ. ಆ ಭಯವನ್ನು 2018ರ ಸೆಪ್ಟೆಂಬರ್ 6ರ ತೀರ್ಪೇ ಮುಗಿಸಿದೆ.

ನಾನು ಪತ್ರ ಬರಹಗಾರ. ಉಪನೋಂದಣಿ ಕಚೇರಿ ಹತ್ತಿರ ಒಂದು ಟೇಬಲ್ಲು, ಒಂದು ಕಂಪ್ಯೂಟರ್, ಎರಡು ಪ್ಲಾಸ್ಟಿಕ್ ಕುರ್ಚಿ, ಇಷ್ಟೇ ನನ್ನ ಆಫೀಸು. 31 ವರ್ಷದಿಂದ ಕ್ರಯಪತ್ರ, ದಾನಪತ್ರ, ವಿಭಾಗಪತ್ರ ಬರೆಯುತ್ತಿದ್ದೇನೆ. ನಮ್ಮ ಪತ್ರಗಳಲ್ಲಿ ಮನುಷ್ಯರ ಗುರುತು ಎರಡು ಪದದಲ್ಲಿ ಮುಗಿಯುತ್ತದೆ. ಬಿನ್ ಅಂದರೆ ಇಂಥವರ ಮಗ. ಕೋಂ ಅಂದರೆ ಇಂಥವರ ಹೆಂಡತಿ. ಈ ಎರಡರಲ್ಲೂ ಕೂರದ ಜೋಡಿಯೊಂದು ಎರಡು ವರ್ಷದ ಹಿಂದೆ ನನ್ನ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಬಂದು ಕೂತಿತು.

ಒಬ್ಬರು ಟೀಚರಮ್ಮ, ಸರ್ಕಾರಿ ಶಾಲೆ. ಇನ್ನೊಬ್ಬರು ನರ್ಸಮ್ಮ, ಖಾಸಗಿ ಆಸ್ಪತ್ರೆ. ಹೆಸರು ಬೇಡ. ನಿಟುವಳ್ಳಿ ಕಡೆ ಮೂವತ್ತು ನಲವತ್ತರ ಸೈಟಿನಲ್ಲಿ ಮನೆ ಕಟ್ಟಿಕೊಂಡು 11 ವರ್ಷದಿಂದ ಒಟ್ಟಿಗೆ ಇದ್ದಾರೆ. ಸೈಟು ಟೀಚರಮ್ಮನ ಹೆಸರಿನಲ್ಲಿ. ಕಟ್ಟಿದ ದುಡ್ಡಿನಲ್ಲಿ ಅರ್ಧ ನರ್ಸಮ್ಮನದು. ಅದಕ್ಕೆ ಒಂದು ಚೀಟಿ ಕೂಡ ಇಲ್ಲ. "ನೀವಿಬ್ರೂ ಏನಾಗ್ಬೇಕವ್ವಾ?" ಎಂದು ಕೇಳಿದೆ. ಅಕ್ಕತಂಗಿಯರು ಅಂದುಕೊಂಡಿದ್ದೆ. ಇಬ್ಬರೂ ಸುಮ್ಮನಾದರು. ಆಮೇಲೆ ಟೀಚರಮ್ಮ, "ಒಬ್ಬರಿಗೊಬ್ಬರು ಇದೀವಿ ಸರ್, ಅಷ್ಟೇ" ಎಂದರು. ನಾನು ಆ ಪ್ರಶ್ನೆಯನ್ನು ಮತ್ತೆ ಕೇಳಲಿಲ್ಲ.

ಆ ದಿನ ನಾನೊಂದು ತಪ್ಪು ಮಾಡಿದೆ. ಇದಕ್ಕೆಲ್ಲ ಜಿಪಿಎ ಸಾಕು ಅಂದೆ. ಒಬ್ಬರಿಗೊಬ್ಬರು ಅಧಿಕಾರ ಪತ್ರ ಬರೆದುಕೊಟ್ಟರೆ ಆಯಿತಲ್ವಾ ಎಂಬ ಲೆಕ್ಕ. ಪಕ್ಕದ ಟೇಬಲ್ಲಿನ ವಕೀಲ ಹುಡುಗ ಕೇಳಿಸಿಕೊಂಡು, ಅವರು ಹೋದ ಮೇಲೆ ನನಗೆ ಚೆನ್ನಾಗಿ ಉಗಿದ. ಅಧಿಕಾರ ಪತ್ರ ಬರೆದವರು ಸತ್ತ ಕ್ಷಣಕ್ಕೆ ಆ ಪತ್ರವೂ ಸತ್ತಿತು. ಬರೆದವರ ಬುದ್ಧಿ ಸ್ವಾಧೀನದಲ್ಲಿ ಇಲ್ಲದಾದರೂ ಅದರ ಜೀವ ಹೋಗುತ್ತದೆ, ಕರಾರು ಕಾಯ್ದೆಯ 201ನೇ ಕಲಂ ಹಾಗೆ ಹೇಳುತ್ತದೆ. ಯಾವ ಎರಡು ದಿನ ಅದು ಬೇಕೋ ಆ ಎರಡೂ ದಿನ ಅದು ಇರುವುದಿಲ್ಲ. ಬ್ಯಾಂಕು, ಬಾಡಿಗೆ, ಕರೆಂಟು ಆಫೀಸಿನ ಓಡಾಟಕ್ಕೆ ಜಿಪಿಎ ಇರಲಿ. ಅದನ್ನು ನಂಬಿಕೊಂಡು ನಿದ್ದೆ ಮಾಡಬೇಡಿ.

ಹಾಗಾದರೆ ಎಲ್ಲಿಂದ ಶುರು? ವಿಲ್‌ನಿಂದ. ಬೇರೆ ಏನೂ ಮಾಡದಿದ್ದರೂ ಇದನ್ನು ಮಾಡಿ.

ವಿಲ್ ಇಲ್ಲದೆ ಟೀಚರಮ್ಮ ತೀರಿಕೊಂಡರೆ ಮನೆ ಯಾರಿಗೆ? 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಮದುವೆಯಾಗದ, ಮಕ್ಕಳಿಲ್ಲದ ಹೆಂಗಸಿನ ಆಸ್ತಿ ತಂದೆ ತಾಯಿಗೆ, ಅವರಿಲ್ಲದಿದ್ದರೆ ತಂದೆಯ ವಾರಸುದಾರರಿಗೆ. ಅಂದರೆ ಜಗಳೂರಿನಲ್ಲಿರುವ ಅಣ್ಣಂದಿರಿಗೆ. ಅವರು ವಂಶವೃಕ್ಷ ತೆಗೆಸುತ್ತಾರೆ, ಖಾತೆ ಬದಲಿಸುತ್ತಾರೆ, ಬೀಗ ಹಾಕುತ್ತಾರೆ. ವಂಶವೃಕ್ಷದಲ್ಲಿ ನರ್ಸಮ್ಮನ ಹೆಸರು ಬರಲು ಜಾಗವೇ ಇಲ್ಲ.

ವಿಲ್‌ಗೆ ಸ್ಟಾಂಪ್ ಪೇಪರ್ ಬೇಡ. ಬಿಳಿ ಹಾಳೆ ಸಾಕು. ಸ್ವಂತ ಕೈಬರಹವಾದರೂ ನಡೆಯುತ್ತದೆ. ಕಡ್ಡಾಯವಾಗಿ ಬೇಕಾದ್ದು ಇಬ್ಬರು ಸಾಕ್ಷಿಗಳು. ಬರೆದವರು ಸಹಿ ಹಾಕುವುದನ್ನು ಅವರು ನೋಡಿರಬೇಕು, ಇಲ್ಲವೇ ಇದು ನನ್ನದೇ ಸಹಿ ಎಂದು ಬರೆದವರು ಅವರ ಮುಂದೆ ಹೇಳಿರಬೇಕು. ಆಮೇಲೆ ಬರೆದವರ ಎದುರಿಗೇ ತಮ್ಮ ಸಹಿ ಹಾಕಬೇಕು. ಒಳಗೆ ಏನು ಬರೆದಿದೆ ಎಂದು ಅವರಿಗೆ ಗೊತ್ತಿರಬೇಕು ಅಂತೇನೂ ಇಲ್ಲ. ಸಾಕ್ಷಿಗೆ ಯಾರನ್ನು ಕರೆಯುತ್ತೀರಿ ಎಂಬುದು ಬಹಳ ಮುಖ್ಯ. ನಮ್ಮ ಜನ ಗೌರವ ಅಂತ ಎಪ್ಪತ್ತೈದು ವರ್ಷದ ಹಿರಿಯರನ್ನು ಕರೆತರುತ್ತಾರೆ. ಬೇಡ. ನಾಳೆ ತಕರಾರು ಬಂದರೆ ಕನಿಷ್ಠ ಒಬ್ಬ ಸಾಕ್ಷಿ ಕೋರ್ಟಿಗೆ ಬಂದು ಹೌದು ಅನ್ನಬೇಕು. ನಿಮಗಿಂತ ಹತ್ತು ಹದಿನೈದು ವರ್ಷ ಚಿಕ್ಕವರು, ಗಟ್ಟಿಮುಟ್ಟಾದವರು, ಊರು ಬಿಟ್ಟು ಹೋಗದವರು ಬೇಕು. ಟೀಚರಮ್ಮ ತಮ್ಮ ಹಳೇ ವಿದ್ಯಾರ್ಥಿ ಒಬ್ಬನನ್ನು ಕರೆತಂದರು. ಎಂ.ಸಿ.ಸಿ. ಬಿ ಬ್ಲಾಕಿನಲ್ಲಿ ಮೆಡಿಕಲ್ ಶಾಪ್ ಇಟ್ಟಿದ್ದಾನೆ, ಎಲ್ಲಿಗೂ ಹೋಗುವವನಲ್ಲ. ಒಳ್ಳೇ ಆಯ್ಕೆ.

ಆಸ್ತಿ ಸಿಗಬೇಕಾದವರು ವಿಲ್ ಬರೆಸುವ ದಿನ ಬರಬೇಡಿ. ಸಾಕ್ಷಿಯಂತೂ ಆಗಲೇಬೇಡಿ. ಪಕ್ಕದಲ್ಲಿ ಕೂತು ಅದು ಬರೀರಿ, ಇದು ಬರೀರಿ ಅಂದರೆ ನಾಳೆ ಅಣ್ಣಂದಿರ ವಕೀಲ ಮೊದಲು ಹಿಡಿಯುವುದೇ ಅದನ್ನು. ಇವಳೇ ಕೂತು ಬರೆಸಿಕೊಂಡಳು ಅನ್ನುತ್ತಾನೆ. ನಾನು ನರ್ಸಮ್ಮನನ್ನು ಬೆಣ್ಣೆ ದೋಸೆ ತಿಂದು ಬರಲು ಕಳಿಸಿದೆ. ಅವರ ವಿಲ್ ಬೇರೆ ದಿನ, ಬೇರೆ ಸಾಕ್ಷಿಗಳು. ಇಬ್ಬರದ್ದೂ ಸೇರಿಸಿ ಒಂದೇ ವಿಲ್ ಬರೆಯುವುದು ನನಗೆ ಇಷ್ಟವಿಲ್ಲ. ಒಬ್ಬರು ಮನಸ್ಸು ಬದಲಿಸಿದರೆ ಗಂಟು ಬಿಡಿಸುವುದು ಕಷ್ಟ.

ಇನ್ನು ಒಳಗಿನ ಮಾತು. ಅಣ್ಣಂದಿರ ಹೆಸರು ಬರೆಯಿರಿ. ಬಿಟ್ಟರೆ ಮರೆತಿದ್ದಾರೆ, ಬುದ್ಧಿ ಸರಿ ಇರಲಿಲ್ಲ ಅನ್ನುತ್ತಾರೆ. ನಾವು ಬರೆದದ್ದು ಹೀಗೆ: "ನನಗೆ ಇಬ್ಬರು ಅಣ್ಣಂದಿರಿದ್ದಾರೆ. ಪಿತ್ರಾರ್ಜಿತದಲ್ಲಿ ನನ್ನ ಭಾಗ ನಾನು ಕೇಳಿಲ್ಲ, ಅದನ್ನು ಅವರೇ ಅನುಭವಿಸುತ್ತಿದ್ದಾರೆ. ಈ ಮನೆ ನನ್ನ ಸ್ವಂತ ದುಡಿಮೆಯದು. 11 ವರ್ಷದಿಂದ ನನ್ನ ಜೊತೆ ಇದ್ದು, ನನ್ನ ಕಾಯಿಲೆ ಕಸಾಲೆ ನೋಡಿಕೊಂಡ ಇಂಥವರಿಗೆ ಸೇರತಕ್ಕದ್ದು." ಸಂಬಂಧ ಅನ್ನುವ ಕಡೆ ಏನು ಬರೆಯಬೇಕು ಎಂದು ಅರ್ಧ ಗಂಟೆ ಚರ್ಚೆ ಆಯಿತು. ನಾನು ಸ್ನೇಹಿತೆ ಅಂದೆ. ವಕೀಲ ಹುಡುಗ ಸಂಗಾತಿ ಅಂದ. ಟೀಚರಮ್ಮ ಯೋಚನೆ ಮಾಡಿ "ಜೊತೆಗಾತಿ ಅಂತ ಹಾಕಿ ಸರ್" ಅಂದರು. ಹಾಕಿದೆ. ಕಾನೂನಿಗೆ ಆ ಪದದಿಂದ ಏನೂ ಆಗಬೇಕಿಲ್ಲ. ಆಧಾರ್ ನಂಬರು, ತಂದೆ ಹೆಸರು, ವಿಳಾಸ ಸರಿ ಇದ್ದರೆ ಸಾಕು. ಕೆಳಗೆ ಬಿಕ್ಕಲಂ, ಅಂದರೆ ಪತ್ರ ಬರೆದವರು, ಎಂದು ನನ್ನ ಹೆಸರು.

ವಿಲ್ ರಿಜಿಸ್ಟರ್ ಮಾಡಿಸುವುದು ಕಡ್ಡಾಯವಲ್ಲ. ನಾನು ಮಾಡಿಸಿ ಅನ್ನುತ್ತೇನೆ. ಕಳೆದುಹೋದರೆ ನಕಲು ಸಿಗುತ್ತದೆ, ಫೋಟೋ ಹೆಬ್ಬೆಟ್ಟು ದಾಖಲಾಗಿರುತ್ತದೆ. ಆರೋಗ್ಯವಾಗಿದ್ದಾರೆ ಎಂದು ಡಾಕ್ಟರದ್ದೊಂದು ಚೀಟಿಯನ್ನೂ ಜೊತೆಗೆ ಇಡಿ. ಮುಸ್ಲಿಮರಾದರೆ ಲೆಕ್ಕ ಬೇರೆ. ವಾರಸುದಾರರ ಒಪ್ಪಿಗೆ ಇಲ್ಲದೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ವಿಲ್ ಮಾಡಲು ಬರುವುದಿಲ್ಲ, ವಕೀಲರನ್ನು ಕೇಳಿಕೊಳ್ಳಿ.

ವಿಲ್ ಅಂದರೆ ನಾನು ಇಷ್ಟು ಜೀವ ತಿನ್ನುವುದಕ್ಕೆ ಒಂದು ಕಾರಣ ಇದೆ. ಮಂಡಕ್ಕಿ ಭಟ್ಟಿಯಲ್ಲಿ ಪಾಲುದಾರರಾಗಿದ್ದ ಇಬ್ಬರು ನನ್ನ ಜೊತೆ ದಿನಾ ಸಂಜೆ ಟೀ ಕುಡಿಯುತ್ತಿದ್ದರು. ಇಪ್ಪತ್ತೆಂಟು ವರ್ಷ ಒಂದೇ ಮನೆಯಲ್ಲಿ ಇದ್ದವರು. ಊರು ಅವರನ್ನು ಪಾಲುದಾರರು ಎಂದೇ ಕರೆಯುತ್ತಿತ್ತು, ನಾನೂ ಅಷ್ಟೇ. ದೊಡ್ಡವರು ಹಾರ್ಟ್ ಅಟ್ಯಾಕಿನಲ್ಲಿ ಹೋದರು. ಮೂರನೇ ದಿನಕ್ಕೆ ಅವರ ತಮ್ಮಂದಿರು ಬಂದು ಮನೆಗೆ ಹೊಸ ಬೀಗ ಜಡಿದರು. ಉಳಿದವರು ನನ್ನ ಹತ್ತಿರ ಬಂದು ಬ್ಯಾಂಕಿನ ಪಾಸ್‌ಬುಕ್ ತೋರಿಸಿ, "ನಾಮಿನಿ ನಾನೇ ಇದೀನಲ್ಲ, ನೋಡು" ಅಂದರು. ನಾಮಿನಿ ಅಂದರೆ ದುಡ್ಡು ಇಸಿದುಕೊಳ್ಳುವ ಕೈ ಮಾತ್ರ, ಒಡೆಯ ಅಲ್ಲ, ವಾರಸುದಾರರು ಕೇಳಿದರೆ ಕೊಡಬೇಕಾಗುತ್ತದೆ ಎಂದು ನಾನು ಅವರಿಗೆ ಹೇಳಬೇಕಾಯಿತು. ಅಷ್ಟು ವರ್ಷ ದಿನಾ ಜೊತೆಗೆ ಕೂತಿದ್ದೆ. ಒಂದು ವಿಲ್ ಬರೆಸ್ರಪ್ಪಾ ಅನ್ನಲು ನನಗೆ ಮುಜುಗರ ಅಡ್ಡ ಬಂದಿತ್ತು. ಈಗ ಅವರು ಹರಿಹರದಲ್ಲಿ ಅಕ್ಕನ ಮಗನ ಮನೆಯಲ್ಲಿದ್ದಾರೆ.

ಮನೆಯ ವಿಷಯಕ್ಕೆ ಬರುತ್ತೇನೆ. ಹೊಸದಾಗಿ ಕೊಳ್ಳುವವರು ಕ್ರಯಪತ್ರದಲ್ಲೇ ಇಬ್ಬರ ಹೆಸರು ಹಾಕಿಸಿ, ಯಾರ ಭಾಗ ಎಷ್ಟು ಎಂದೂ ಬರೆಸಿ. ದುಡ್ಡು ಕೊಡುವುದು ಇಬ್ಬರ ಅಕೌಂಟಿನಿಂದಲೂ ಹೋಗಲಿ. ಜಂಟಿ ಹೆಸರು ಇದ್ದರೆ ಒಬ್ಬರ ನಂತರ ಪೂರ್ತಿ ಇನ್ನೊಬ್ಬರಿಗೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಸತ್ತವರ ಅರ್ಧ ಅವರ ವಾರಸುದಾರರಿಗೇ ಹೋಗುತ್ತದೆ. ಹಾಗಾಗಿ ವಿಲ್ ಆಗಲೂ ಬೇಕು. ಈಗಾಗಲೇ ಒಬ್ಬರ ಹೆಸರಿನಲ್ಲಿರುವ ಮನೆಯ ಅರ್ಧ ಭಾಗವನ್ನು ದಾನಪತ್ರ ಮಾಡಬಹುದು, ಆದರೆ ಜೇಬು ನೋಡಿಕೊಳ್ಳಿ. ಗಂಡ ಹೆಂಡತಿ, ಮಕ್ಕಳಿಗೆ ದಾನ ಕೊಟ್ಟರೆ ಸ್ಟಾಂಪು ಖರ್ಚು ಕೆಲವೇ ಸಾವಿರ. ಜೊತೆಗಾತಿ ಆ ಪಟ್ಟಿಯಲ್ಲಿ ಇಲ್ಲ. ಹೊರಗಿನವರಿಗೆ ಮಾರಿದ ಹಾಗೇ ಮಾರ್ಗಸೂಚಿ ಬೆಲೆಯ ಮೇಲೆ, ಅಂದರೆ ಸರ್ಕಾರ ಆ ಜಾಗಕ್ಕೆ ಗೊತ್ತುಮಾಡಿದ ಬೆಲೆಯ ಮೇಲೆ, ಶುಲ್ಕ ಕಟ್ಟಬೇಕು. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕವೇ ಶೇಕಡಾ 1ರಿಂದ 2ಕ್ಕೆ ಏರಿದೆ. ದಾನ ಒಮ್ಮೆ ರಿಜಿಸ್ಟರ್ ಆದರೆ ಮನಸ್ಸು ಬಂದಂತೆ ವಾಪಸ್ ಪಡೆಯಲೂ ಆಗುವುದಿಲ್ಲ. ಟೀಚರಮ್ಮ ಲೆಕ್ಕ ಹಾಕಿ, ವಿಲ್ ಸಾಕು ಸರ್ ಅಂದರು.

ಪತ್ರಕ್ಕೆ ಮೊದಲು ಇ.ಸಿ., ಅಂದರೆ ಆಸ್ತಿಯ ಮೇಲಿನ ಋಣಭಾರದ ಪತ್ರ, ತೆಗೆಸಿ ನೋಡಿ. ತೀರಿದ ಸಾಲ ಇನ್ನೂ ಅದರಲ್ಲಿ ಕೂತಿರುತ್ತದೆ. ಇವರದ್ದೂ ಹಾಗೇ ಇತ್ತು. ಸೈಟಿನ ಸಾಲ ತೀರಿ ಆರು ವರ್ಷ, ಆಧಾರಪತ್ರ, ಅಂದರೆ ಅಡಮಾನದ ಪತ್ರ, ಮಾತ್ರ ಖುಲಾಸೆ ಆಗಿರಲಿಲ್ಲ.

ಇಲ್ಲೊಂದು ಅಡ್ಡಮಾತು ಹೇಳಲೇಬೇಕು. ನನ್ನ ಅಕ್ಕನ ಮಗ ಅಮೆರಿಕದ ಡೆನ್ವರಿನಲ್ಲಿದ್ದಾನೆ, ಅಲ್ಲಿಯ ಪೌರ. 2024ರ ನವೆಂಬರಿನಲ್ಲಿ ಫೋನ್ ಮಾಡಿದಾಗ, "ಮಾವ, ಅಧ್ಯಕ್ಷರ ವೋಟಿನ ಜೊತೆ ಇವತ್ತು ಮದುವೆ ಬಗ್ಗೆನೂ ವೋಟ್ ಹಾಕಿದೆ" ಅಂದ. ಅವರ ಕೊಲೊರಾಡೊ ರಾಜ್ಯಕ್ಕೆ ತನ್ನದೇ ಸಂವಿಧಾನ ಇದೆ. ಮದುವೆ ಅಂದರೆ ಒಂದು ಗಂಡು ಒಂದು ಹೆಣ್ಣು ಮಾತ್ರ ಎಂದು 2006ರಲ್ಲಿ ಅಲ್ಲಿಯ ಜನರೇ ವೋಟು ಹಾಕಿ ಅದರಲ್ಲಿ ಸೇರಿಸಿದ್ದರು. 2015ರ ಜೂನ್ 26ರಂದು ಅವರ ಸುಪ್ರೀಂ ಕೋರ್ಟು ಇಡೀ ದೇಶಕ್ಕೆ ಇಬ್ಬರು ಗಂಡಸರ, ಇಬ್ಬರು ಹೆಂಗಸರ ಮದುವೆಯ ಹಕ್ಕು ಕೊಟ್ಟಿತು. ಅಲ್ಲಿಗೆ ಆ ಸಾಲು ಸತ್ತಿತು. ಸತ್ತದ್ದನ್ನು ಮತ್ಯಾಕೆ ತೆಗೀತೀರೋ ಅಂದೆ. "ಕೋರ್ಟು ನಾಳೆ ಮನಸ್ಸು ಬದಲಿಸಿದರೆ ಅದು ಎದ್ದು ಕೂರುತ್ತೆ ಮಾವ" ಅಂದ. ಗರ್ಭಪಾತದ ವಿಷಯದಲ್ಲಿ 1973ರ ತೀರ್ಪನ್ನು ಅದೇ ಕೋರ್ಟು 2022ರಲ್ಲಿ ತಿರುಗಿಸಿದ್ದನ್ನು ಅವರೆಲ್ಲ ನೋಡಿದ್ದಾರೆ. ನನಗೆ ತಕ್ಷಣ ಅರ್ಥವಾಯಿತು. ತೀರಿದ ಸಾಲ ಇ.ಸಿ.ಯಲ್ಲಿ ಉಳಿದ ಹಾಗೆ! ಖುಲಾಸೆ ಪತ್ರ ಆಗುವವರೆಗೆ ಯಾವ ಬ್ಯಾಂಕಿನವನೂ ನಂಬುವುದಿಲ್ಲ.

ಅದನ್ನು ತೆಗೆಯುವ ದಾರಿ ಕೇಳಿ ತಿಳಿದುಕೊಂಡೆ, ನಮ್ಮ ಕೆಲಸದವರಿಗೆ ಇಂಥದ್ದರಲ್ಲಿ ಆಸಕ್ತಿ. ಮೊದಲು ರಾಜ್ಯದ ಶಾಸನಸಭೆಯ ಎರಡೂ ಮನೆಗಳಲ್ಲಿ ಮೂರನೇ ಎರಡು ಬಹುಮತ ಬೇಕು. ಆಮೇಲೆ ಜನರ ವೋಟು. ಸಂವಿಧಾನಕ್ಕೆ ಹೊಸದು ಸೇರಿಸಲು ಶೇಕಡಾ 55 ಬೇಕು, ಇರುವುದನ್ನು ಬರೀ ಹೊಡೆದುಹಾಕಲು ಅರ್ಧಕ್ಕಿಂತ ಒಂದು ವೋಟು ಜಾಸ್ತಿ ಸಾಕು. ಸುಮಾರು ಶೇಕಡಾ 64 ಬಿತ್ತು. ಅದೇ ದಿನ ಕ್ಯಾಲಿಫೋರ್ನಿಯಾ, ಹವಾಯಿ ಜನರೂ ತಮ್ಮ ತಮ್ಮ ಸಾಲು ತೆಗೆದರು. ನೆವಾಡಾ ಎಲ್ಲರಿಗಿಂತ ಮೊದಲು, 2020ರಲ್ಲೇ ತೆಗೆದಿತ್ತು. ವರ್ಜೀನಿಯಾದ ದಾರಿ ಇನ್ನೂ ಉದ್ದ. ಶಾಸನಸಭೆ ಒಮ್ಮೆ ಒಪ್ಪಬೇಕು, ನಡುವೆ ಚುನಾವಣೆ ಆಗಬೇಕು, ಹೊಸ ಸಭೆ ಅದನ್ನೇ ಮತ್ತೆ ಒಪ್ಪಬೇಕು, ಆಮೇಲೆ ಜನ. ನಮ್ಮ ಸಂವಿಧಾನದಲ್ಲಿ ಇಂಥ ನಿಷೇಧದ ಸಾಲು ಎಲ್ಲೂ ಇಲ್ಲ. ನಮ್ಮಲ್ಲಿ ಅಡ್ಡ ಇರುವುದು ಕಾಯ್ದೆಯ ಮಾತು, ಗಂಡಿಗೆ 21, ಹೆಣ್ಣಿಗೆ 18 ಎಂದು ಬರೆದಿರುವುದು. ಸಂಸತ್ತು ತಿದ್ದುವ ತನಕ ನಿಮಗೆ ನನ್ನ ಟೇಬಲ್ಲೇ ಗತಿ. ಅಂದ ಹಾಗೆ ಜೋಡಿಯಲ್ಲಿ ಒಬ್ಬರು ಟ್ರಾನ್ಸ್ ಆಗಿದ್ದು, ಇಬ್ಬರದ್ದೂ ಗಂಡು ಹೆಣ್ಣಿನ ಜೋಡಿಯಾದರೆ ಈಗಿರುವ ಕಾಯ್ದೆಯಲ್ಲೇ ಮದುವೆ ಆಗಬಹುದು. ಅದೇ 2023ರ ತೀರ್ಪು ಇದನ್ನೂ ಹೇಳಿದೆ.

ಬ್ಯಾಂಕು ಸುಲಭ. ಜಂಟಿ ಖಾತೆ ತೆರೆಯಲು, ನಾಮಿನಿ ಮಾಡಲು ಇಂಥ ಜೋಡಿಗಳಿಗೆ ಯಾವ ಅಡ್ಡಿಯೂ ಇಲ್ಲ ಎಂದು 2024ರ ಆಗಸ್ಟಿನಲ್ಲಿ ರಿಸರ್ವ್ ಬ್ಯಾಂಕು ಎಲ್ಲ ಬ್ಯಾಂಕುಗಳಿಗೂ ತಿಳಿಸಿದೆ. ಫಾರಂನಲ್ಲಿ ಇಬ್ಬರಲ್ಲಿ ಯಾರಾದರೂ ಅಥವಾ ಬದುಕಿರುವವರು ಎನ್ನುವುದಕ್ಕೆ ಟಿಕ್ ಹಾಕಿ. 2025ರ ನವೆಂಬರ್ 1ರಿಂದ ನಾಲ್ಕು ಜನ ನಾಮಿನಿ ಇಡಬಹುದು. ಎಲ್ಲ ಖಾತೆ, ಎಫ್‌ಡಿ, ಲಾಕರ್ ನಂಬರು ವಿಲ್‌ನಲ್ಲೂ ಬರಲಿ. ಕಾರಣ ಮೇಲೆ ಹೇಳಿದೆ.

ವಿಮೆಯಲ್ಲೂ ಅದೇ ತೊಡಕು. 2015ರ ತಿದ್ದುಪಡಿಯ ಪ್ರಕಾರ ತಂದೆ ತಾಯಿ, ಗಂಡ ಅಥವಾ ಹೆಂಡತಿ, ಮಕ್ಕಳು ನಾಮಿನಿಯಾದರೆ ಆ ದುಡ್ಡು ಅವರದ್ದೇ. ಬೇರೆಯವರಿಗೆ ಆ ರಕ್ಷಣೆ ಇಲ್ಲ. ಪಿಎಫ್ ಇನ್ನೂ ಬಿಗಿ. ಕುಟುಂಬ ಇದ್ದವರು ಕುಟುಂಬದವರನ್ನೇ ನಾಮಿನಿ ಮಾಡಬೇಕು, ನಿಮ್ಮ ಆಸರೆಯಲ್ಲಿರುವ ತಂದೆ ತಾಯಿ ಇದ್ದರೆ ಅವರೂ ಕುಟುಂಬವೇ. ಆ ಲೆಕ್ಕದಲ್ಲಿ ಕುಟುಂಬ ಅಂತ ಯಾರೂ ಇಲ್ಲದಿದ್ದರೆ ಮಾತ್ರ ಬೇಕಾದವರ ಹೆಸರು ಹಾಕಬಹುದು. ನರ್ಸಮ್ಮನ ತಾಯಿ ಇನ್ನೂ ಇದ್ದಾರೆ. "ಅಮ್ಮಂಗೆ ಹೋಗ್ಲಿ ಬಿಡಿ ಸರ್, ಅದು ಅಮ್ಮಂದೇ" ಅಂದರು. ಟೀಚರಮ್ಮನ ಕುಟುಂಬ ಪಿಂಚಣಿ ಜೊತೆಗಾತಿಗೆ ಸಿಗುವುದಿಲ್ಲ, ಅದಕ್ಕೆ ನನ್ನ ಹತ್ತಿರ ಯಾವ ಕಾಗದವೂ ಇಲ್ಲ. ಮಗು ದತ್ತು ತೆಗೆದುಕೊಳ್ಳುವುದಾದರೆ ಒಬ್ಬರೇ, ಒಂಟಿ ಹೆಂಗಸಾಗಿ ಅರ್ಜಿ ಹಾಕಬೇಕು. ಜೋಡಿಯಾಗಿ ಬರುವುದಿಲ್ಲ.

ಆಸ್ಪತ್ರೆ ವಿಷಯದಲ್ಲಿ ನಾನು ಹೇಳುವುದಕ್ಕಿಂತ ನರ್ಸಮ್ಮ ಹೇಳಿದ್ದೇ ಜಾಸ್ತಿ. "ಕೌಂಟರಲ್ಲಿ ಕೇಳೋದು ಎರಡೇ ಸರ್. ಸಹಿ ಯಾರು ಹಾಕ್ತೀರಿ, ದುಡ್ಡು ಯಾರು ಕಟ್ತೀರಿ. ಫೈಲ್ ಕೈಯಲ್ಲಿ ಇಟ್ಕೊಂಡು ಮೊದಲು ಬಂದವರ ಮಾತು ನಡೆಯುತ್ತೆ." ಎಚ್ಚರ ಇರುವ ವಯಸ್ಕ ರೋಗಿಗೆ ತನ್ನ ಸಹಿಯೇ ಸಾಕು. ಎಚ್ಚರ ತಪ್ಪಿದ ಮೇಲಿನದ್ದೇ ಕಷ್ಟ. ಅದಕ್ಕೆ ಎರಡು ಕಾಗದ ಮಾಡಿಡಿ.

ಒಂದು, ಮುಂಗಡ ವೈದ್ಯಕೀಯ ಸೂಚನೆ. ವಾಸಿಯಾಗದ ಕಾಯಿಲೆ ಬಂದು, ಮಾತಾಡುವ ಸ್ಥಿತಿ ಇಲ್ಲದಾಗ ಯಂತ್ರಗಳ ಮೇಲೆ ಇಡಬೇಕೋ ಬೇಡವೋ, ಯಾರನ್ನು ಕೇಳಬೇಕು ಎಂದು ಬರೆದಿಡುವುದು. ಸುಪ್ರೀಂ ಕೋರ್ಟು 2018ರಲ್ಲಿ ಒಪ್ಪಿತು, 2023ರ ಜನವರಿಯಲ್ಲಿ ಸುಲಭ ಮಾಡಿತು. ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಮೊಹರು. ಇದನ್ನು ಜಾರಿಗೆ ತರಲು ನಮ್ಮ ರಾಜ್ಯದ ಆರೋಗ್ಯ ಇಲಾಖೆಯೂ 2025ರ ಜನವರಿಯಲ್ಲಿ ಆದೇಶ ಹೊರಡಿಸಿದೆ. ಎರಡನೆಯದು ಬಹಳ ಜನಕ್ಕೆ ಗೊತ್ತಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 14ನೇ ಕಲಮಿನಲ್ಲಿ ಯಾವ ವಯಸ್ಕರೂ ತನಗೆ ಬೇಕಾದವರನ್ನು ಪ್ರತಿನಿಧಿ ಮಾಡಿಕೊಳ್ಳಬಹುದು. ರಕ್ತಸಂಬಂಧ ಇರಲೇಬೇಕು ಅಂತಿಲ್ಲ. ಬಿಳಿ ಹಾಳೆಯಲ್ಲಿ ಬರೆದು ಸಹಿ ಹಾಕಿದರೆ ಆಯಿತು. ಮಾನಸಿಕ ಚಿಕಿತ್ಸೆಗೆ ಮಾತ್ರ ಅದು ನಡೆಯುವುದು, ಆದರೂ ಕಾಯ್ದೆಯೇ ಕೊಟ್ಟ ಜಾಗವನ್ನು ಖಾಲಿ ಯಾಕೆ ಬಿಡಬೇಕು? ಇವೆರಡರ ಜೊತೆ, ತುರ್ತಿನಲ್ಲಿ ಇವರಿಗೆ ಫೋನ್ ಮಾಡಿ, ನನ್ನ ಕಾಯಿಲೆಯ ವಿವರ ಇವರಿಗೆ ಹೇಳಿ ಎಂದು ಒಂದು ಪುಟದ ಪತ್ರ. ಅದನ್ನು ಯಾವಾಗಲೂ ಹೋಗುವ ಆಸ್ಪತ್ರೆಯ ಫೈಲಿನಲ್ಲಿ ಈಗಲೇ ಸೇರಿಸಿಬಿಡಿ, ಕಾಯಿಲೆ ಬಂದ ದಿನ ಅಲ್ಲ.

ಹತ್ತಿರದ ಸಂಬಂಧಿಕರು ಇಲ್ಲದಿದ್ದಾಗ ಶವವನ್ನು ಸಂಗಾತಿ ಪಡೆಯಬಹುದು ಎಂದು ಕೇಂದ್ರ ಆರೋಗ್ಯ ಇಲಾಖೆ 2024ರಲ್ಲಿ ರಾಜ್ಯಗಳಿಗೆ ಬರೆದಿದೆ. ಸಂಬಂಧಿಕರು ಬಂದು ನಿಂತರೆ ಏನು? ಟೀಚರಮ್ಮ ಕೇಳಿದರು. ನಾನು ಕನ್ನಡಕ ಒರೆಸಿಕೊಂಡೆ. ವಿಲ್‌ನಲ್ಲಿ ಅಂತ್ಯಕ್ರಿಯೆ ಇವರೇ ಮಾಡಲಿ ಎಂದು ಒಂದು ಸಾಲು ಹಾಕಿದ್ದೇವೆ. ಸಾಕ್ಷಿ ಹುಡುಗನಿಗೂ ಹೇಳಿ ಇಟ್ಟಿದ್ದೇವೆ.

ರೇಷನ್ ಕಾರ್ಡಿಗೆ ಇಂಥ ಜೋಡಿಯನ್ನು ಒಂದೇ ಮನೆಯವರೆಂದು ಎಣಿಸಿ ಎಂದೂ ಕೇಂದ್ರ 2024ರಲ್ಲಿ ತಿಳಿಸಿದೆ. ಕೌಂಟರಿನಲ್ಲಿ ಕೂತವರಿಗೆ ಇದು ಗೊತ್ತಿರುತ್ತದೆ ಅಂದುಕೊಳ್ಳಬೇಡಿ. ಪ್ರಿಂಟ್ ತೆಗೆದುಕೊಂಡು ಹೋಗಿ.

ಇನ್ನು ಚಿಕ್ಕ ವಯಸ್ಸಿನವರಿಗೆ. ಮನೆಯವರು ಕಾಣೆಯಾಗಿದ್ದಾಳೆ ಎಂದು ಕಂಪ್ಲೇಂಟ್ ಕೊಡುವ ಭಯ ಇದ್ದರೆ, ನಾವಿಬ್ಬರೂ ವಯಸ್ಕರು, ಸ್ವಂತ ಇಷ್ಟದಿಂದ ಒಟ್ಟಿಗೆ ಇದ್ದೇವೆ ಎಂದು ಇಬ್ಬರೂ ಬೇರೆ ಬೇರೆ ಪತ್ರ ಬರೆದು ಠಾಣೆಗೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಊರು ಬಿಡುವಾಗ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಮರೆಯಬೇಡಿ, ವಯಸ್ಸಿಗೆ ಅದಕ್ಕಿಂತ ಗಟ್ಟಿ ಕಾಗದ ಇಲ್ಲ. ಇಂಥ ಕೇಸು ಕೋರ್ಟಿಗೆ ಬಂದರೆ ಆ ವ್ಯಕ್ತಿಯನ್ನು ಒಂಟಿಯಾಗಿ ಕೂರಿಸಿ ಅವರ ಇಷ್ಟ ಕೇಳಬೇಕು, ಕೌನ್ಸೆಲಿಂಗ್ ಹೆಸರಿನಲ್ಲಿ ಮನಸ್ಸು ತಿರುಗಿಸಬಾರದು ಎಂದು ಸುಪ್ರೀಂ ಕೋರ್ಟು 2024ರ ಮಾರ್ಚಿನಲ್ಲಿ ಹೈಕೋರ್ಟುಗಳಿಗೆ ಹೇಳಿದೆ. ಮದ್ರಾಸ್ ಹೈಕೋರ್ಟು 2025ರ ಮೇ ತಿಂಗಳಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಕುಟುಂಬ ಕಟ್ಟಿಕೊಳ್ಳಲು ಮದುವೆ ಒಂದೇ ದಾರಿಯಲ್ಲ, ತಾವೇ ಆರಿಸಿಕೊಂಡ ಕುಟುಂಬವೂ ಕುಟುಂಬವೇ ಎಂದಿತು. ನಮ್ಮ ವಕೀಲ ಹುಡುಗ ಅದರ ಜೆರಾಕ್ಸ್ ತಂದುಕೊಟ್ಟ. ಫೈಲಿನಲ್ಲಿ ಸೇರಿಸಿದೆ.

ಕೊನೆಗೆ, ಕಾಗದ ಇಡುವ ಜಾಗ. ಅಸಲನ್ನು ಇಬ್ಬರೂ ತೆಗೆಯಬಹುದಾದ ಲಾಕರಿನಲ್ಲಿ ಇಡಿ. ಒಬ್ಬರ ಹೆಸರಿನ ಲಾಕರಿನಲ್ಲಿಟ್ಟರೆ ಅವರು ಹೋದ ದಿನ ಅದೂ ಮುಚ್ಚಿತು. ಒಂದು ಸೆಟ್ ಜೆರಾಕ್ಸ್ ಸಾಕ್ಷಿಯ ಮನೆಯಲ್ಲಿ, ಒಂದು ಸೆಟ್ ಫೋಟೋ ಇಬ್ಬರ ಮೊಬೈಲಿನಲ್ಲೂ. ಮನೆ ಮಾರಿದರೆ, ಹೊಸ ಎಫ್‌ಡಿ ಮಾಡಿದರೆ, ಸಾಕ್ಷಿ ತೀರಿಕೊಂಡರೆ ವಿಲ್ ಹೊಸದಾಗಿ ಬರೆಸಿ. ಹಿಂದಿನದ್ದು ರದ್ದು ಎಂದು ಮೊದಲ ಸಾಲಿನಲ್ಲೇ ತಾರೀಕು ಸಮೇತ ಬರೆಯಲಿ. ನೀಲಿ ಇಂಕಿನಲ್ಲಿ ಸಹಿ ಹಾಕಿ, ಅಸಲು ಯಾವುದು ನಕಲು ಯಾವುದು ಎಂದು ಗೊತ್ತಾಗುತ್ತದೆ. ಪ್ರತಿ ಪುಟಕ್ಕೂ ಸಹಿ. ನರ್ಸಮ್ಮ ಐದನೇ ಪುಟ ಬಿಟ್ಟಿದ್ದರು, ನಾನು ನೋಡಿ ವಾಪಸ್ ಕರೆಸಿದೆ.